ಸಿಗ್ನಲ್ ಇಲ್ಲದ ಕಡೆ ಮೂಡಲ್ ಆಗುತ್ತದಾ?

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯಲ್ಲಿ ಲೋಹ ಎರಕ ಹೊಯ್ಯುವ ಫೌಂಡ್ರಿಯವರಿಗೆ ಸುರಕ್ಷತಾ ತರಬೇತಿ ಕೊಡಬೇಕು, ಉಂಬಳೇಬೈಲು ಕಡೆಯವರ ಮನೇಲಿ ಸಿಗ್ನಲ್ ಇಲ್ಲ, ಮೂಡಲ್ (Moodle, ಆನ್‌ಲೈನ್‌ನಲ್ಲಿ ಪಾಠ, ಪರೀಕ್ಷೆ ನಡೆಸುವ ಸಾಫ್ಟ್‌ವೇರ್) ನಡೆಯುತ್ತದಾ ಅಂತ ಕೇಳಿದ್ದೀರಿ. ಆರಾಮಾಗಿ ನಡೆಯುತ್ತದೆ. ಸಾಫ್ಟ್‌ವೇರ್ ಉಚಿತ, ಸರ್ವರ್ ಖರ್ಚು ನಿಮ್ಮದು. ಅಡ್ಮಿನ್ ಸೆಟ್ಟಿಂಗ್‌ನಲ್ಲಿ ಮೊಬೈಲ್ ವೆಬ್ ಸರ್ವಿಸ್ ಆನ್ ಮಾಡಿ, ಆಗ ಫೋನಿನ ಮೂಡಲ್ ಆ್ಯಪ್ ನಿಮ್ಮ ಸರ್ವರ್‌ಗೆ ಸೇರಿಕೊಳ್ಳುತ್ತದೆ. ಫ್ಯಾಕ್ಟರಿ ವೈಫೈನಲ್ಲೇ ಪಾಠಗಳನ್ನು ಆ್ಯಪ್‌ಗೆ ಇಳಿಸಿಕೊಂಡರೆ ಮನೇಲಿ ನೆಟ್ ಬೇಡ.

ಜಾಸ್ತಿ ಜನ ಎಡವುವುದು ಕ್ವಿಜ್‌ನಲ್ಲಿ. ಅದಕ್ಕೆ ಆಫ್‌ಲೈನ್ ಅನುಮತಿ ಬೇರೆಯಾಗಿ ಕೊಡಬೇಕು. ಸಮಯದ ಮಿತಿ ಇಟ್ಟರೆ ಆಫ್‌ಲೈನ್ ಆಗಲ್ಲ. ಬರೆದ ಉತ್ತರ, ನೆಟ್ ಸಿಕ್ಕಾಗ ಸರ್ವರ್‌ಗೆ ಹೋಗುತ್ತದೆ.

ಕಾರ್ಮಿಕರ ಹೆಸರುಗಳನ್ನು ಒಂದೊಂದೇ ಟೈಪ್ ಮಾಡಬೇಡಿ, ಸಿಎಸ್‌ವಿ ಫೈಲ್ (ಎಕ್ಸೆಲ್‌ನಿಂದ ಉಳಿಸಬಹುದಾದ ಸರಳ ಪಟ್ಟಿ) ಹಾಕಿ. ಅರ್ಧ ಗಂಟೆಯ ವಿಡಿಯೋ ಯಾರೂ ನೋಡಲ್ಲ ಬಿಡಿ. ಅಚ್ಚಿನಲ್ಲಿ ತೇವ ಇದ್ದರೆ ಕಾದ ಲೋಹ ಹೇಗೆ ಸಿಡಿಯುತ್ತದೆ ಅನ್ನೋದನ್ನು ಮೂರೇ ನಿಮಿಷದಲ್ಲಿ, ನಿಮ್ಮ ಮೇಸ್ತ್ರಿ ದನಿಯಲ್ಲೇ ಹೇಳಿಸಿ.