ಶ್ವಾನೋಮಾ ಕೈಯಲ್ಲಿ ಮಾತ್ರ ಬರುತ್ತದಾ?

ಮೊಣಕೈ ಕೆಳಗಿನ ಗಂಟು ಶ್ವಾನೋಮಾ ಅಂತ ಬಯಾಪ್ಸಿಯಲ್ಲಿ ಬಂದಿದೆ, ಬೇರೆ ಕಡೆಯೂ ಬರುತ್ತದಾ ಅಂತ ಕೇಳಿದ್ದೀರಿ. ಗಾಬರಿಯಾಗಬೇಡಿ. ಇದು ಕ್ಯಾನ್ಸರ್ ಅಲ್ಲ, ಕೈಯಿಂದ ಬೇರೆಡೆಗೆ ಹರಡುವುದಿಲ್ಲ. ನರದ ಹೊದಿಕೆಯ ಜೀವಕೋಶಗಳು ಬೆಳೆದು ಆಗುವ ಗಂಟು. ಹಾಗಾಗಿ ಕುತ್ತಿಗೆ, ಕೈಕಾಲು, ಬೆನ್ನುಹುರಿಯಿಂದ ಹೊರಡುವ ನರದ ಬುಡ, ಹೀಗೆ ಹಲವು ಕಡೆ ಹುಟ್ಟಬಹುದು. ತಲೆಯೊಳಗೆ ಜಾಸ್ತಿ ಕಾಣುವುದು ಕಿವಿಗೆ ಹೋಗುವ ನರದಲ್ಲಿ. ಆಗ ಸಾಮಾನ್ಯವಾಗಿ ಒಂದೇ ಕಿವಿ ಮಂದವಾಗುತ್ತದೆ, ಗುಂಯ್ ಅನ್ನುತ್ತದೆ.

ಗಂಟು ಅಕ್ಕಪಕ್ಕ ಸರಿಯುತ್ತದೆ, ಮೇಲೆ ಕೆಳಗೆ ಸರಿಯುವುದಿಲ್ಲ, ತಟ್ಟಿದರೆ ಬೆರಳಿನವರೆಗೆ ಜುಮ್ ಅನ್ನುತ್ತದೆ ಅಂದಿರಲ್ವಾ? ನರದ ಗಂಟಿನ ಗುಣವೇ ಅದು. ಇದು ನರದ ಎಳೆಗಳನ್ನು ಪಕ್ಕಕ್ಕೆ ತಳ್ಳಿ ಬೆಳೆಯುತ್ತದೆ. ಅದಕ್ಕೇ ಹೆಚ್ಚಿನ ಸಲ ನರ ಉಳಿಸಿಕೊಂಡೇ ಬಿಡಿಸಿ ತೆಗೆಯಬಹುದು. ಬೇರೆ ಗಂಟುಗಳೂ ಇದ್ದರೆ, ಕಿವಿ ಮಂದವಾಗಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.