ಆ ಕೆರೆ ಪೇಜು ತೆಗೀರಿ ಮೇಡಂ

ಮೇಡಂ ನಮಸ್ಕಾರ,

ನಿಮ್ಮ ಚಿತ್ರಪುಸ್ತಕದ ಹಸ್ತಪ್ರತಿ ಬಂದು ಎರಡು ವಾರ ಆಯ್ತು. ಎರಡು ಸಲ ಸಮಾಧಾನವಾಗಿ ಓದ್ದೆ, ಮೂರನೇ ಸಲ ಓದೋವಾಗ ಸಿಟ್ಟು ಬಂತು, ಅದಕ್ಕೇ ಉತ್ತರ ಉದ್ದ ಆಗ್ತಿದೆ. ಸಿಟ್ಟು ಬರಿಸದೇ ಇರೋ ಕತೆಗಾದ್ರೆ 'ಸದ್ಯಕ್ಕೆ ಬಳಸಿಕೊಳ್ಳಲಾಗುತ್ತಿಲ್ಲ, ವಂದನೆಗಳು' ಅಂತ ಒಂದು ಲೈನ್ ಹಾಕಿ ಮುಗಿಸಿಬಿಡ್ತೀನಿ. ನಿಮ್ಮ ಕಾಗುಣಿತ ಅಚ್ಚುಕಟ್ಟು, ಶಿಡ್ಲಘಟ್ಟದ ಹುಡುಗನ್ನ ಕತೆಗೆ ತಂದಿದ್ದು ಖುಷಿ ಆಯ್ತು, ಕೈಬರಹನೂ ಚೆನ್ನಾಗಿದೆ. ಹೊಗಳಿಕೆ ಇಷ್ಟು.

ಬೇರೆ ಬರೆಯೋರಿಗೂ ಉಪಯೋಗ ಆಗ್ಲಿ ಅಂತ ನಿಮ್ಮನ್ನ ಕೇಳ್ಕೊಂಡೇ, ಹೆಸರು ಬಿಟ್ಟು ಇದನ್ನ ಹಾಕ್ತಿದೀನಿ, ಹಂಗಾಗಿ ಕತೆ ಎರಡು ಮಾತಲ್ಲಿ. ಮುನಿ ಮೂರನೇ ಕ್ಲಾಸು. ಮನೇಲಿ ರೇಷ್ಮೆ ಕೆಲಸ. ಮೈಯೆಲ್ಲಾ ವಾಸನೆ ಅಂತ ಕ್ಲಾಸಲ್ಲಿ ಆಡ್ಕೋತಾರೆ, ಅದಕ್ಕೆ ಪ್ರತಾಪ ಅನ್ನೋನು ಲೀಡರ್. ಒಂದಿನ ಪ್ರತಾಪ ಕೆರೆಗೆ ಬೀಳ್ತಾನೆ, ಮುನಿ ಹಾರಿ ಎತ್ಕೊಂಡು ಬರ್ತಾನೆ, ಪ್ರತಾಪ ಸಾರಿ ಕೇಳ್ತಾನೆ, ಟೀಚರ್ ಒಂದು ವಚನ ಹೇಳಿ ಸ್ವೀಟ್ ಹಂಚ್ತಾರೆ. ಶುಭಂ.

ಮೊದಲು ಮೂರನೇ ಪೇಜು ತೆಗೆದು ನೋಡಿ. 'ಮುನಿಗೆ ಬಹಳ ದುಃಖವಾಯಿತು. ಅವನ ಕಣ್ಣುಗಳಿಂದ ಧಾರಾಕಾರವಾಗಿ ನೀರು ಹರಿಯಿತು. ಅವನು ಮೂಲೆಯಲ್ಲಿ ಕುಳಿತು ಅತ್ತನು.' ಅದರ ಕೆಳಗೆ ಚಿತ್ರಕಾರರಿಗೆ ನೀವೇ ಸೂಚನೆ ಬರೆದಿದೀರಿ: 'ಮುನಿ ಮೂಲೆಯಲ್ಲಿ ಕುಳಿತು ಅಳುತ್ತಿರುವ ಚಿತ್ರ'. ಒಂದೇ ಅಳುನ ನಾಲ್ಕು ಸಲ ಅಳಿಸಿದೀರಲ್ಲ ಮೇಡಂ! ಪಂಜೆ ಮಂಗೇಶರಾಯರು, ರಾಜರತ್ನಂ ಅವ್ರೆಲ್ಲಾ ಬರೆದಿದ್ದು ಕಿವಿಗೆ, ಬಾಯಿಗೆ, ಚಿತ್ರ ಇಲ್ದಿದ್ರೂ ಅವು ನಿಲ್ಲುತ್ವೆ. ಚಿತ್ರಪುಸ್ತಕ ಹಂಗಲ್ಲ, ಅರ್ಧ ಕತೆ ಚಿತ್ರ ಬರೆಯೋರದ್ದು, ಅವರಿಗೆ ನೀವು ಜಾಗನೇ ಬಿಟ್ಟಿಲ್ಲ. ಅಳೋದನ್ನ ಅವರು ಬರೀತಾರೆ. ಓದೋಕೆ ಬರದೇ ಇರೋ ಮಗು ಕೂಡ ಅದನ್ನ ಬೆರಳಿಟ್ಟು ತೋರಿಸುತ್ತೆ. ನೀವು ಚಿತ್ರದಲ್ಲಿ ಬರೋಕಾಗದೇ ಇರೋದನ್ನ ಕೊಡಿ. ಅವತ್ತು ಡಬ್ಬಿಲಿ ಏನಿತ್ತು, ಮುಚ್ಚಳ ತೆಗೆದ್ನಾ ಇಲ್ವಾ?

ನಾಲ್ಕನೇ ಪೇಜು. 'ಮಕ್ಕಳೆಲ್ಲರೂ ಅವನನ್ನು ಅಪಹಾಸ್ಯ ಮಾಡಿದರು.' ಏನಂತ? ಮಗು ಕೇಳೋದೇ ಅದು. ಅಪಹಾಸ್ಯ ಅನ್ನೋ ಪದ ಯಾರಿಗೂ ಚುಚ್ಚಲ್ಲ, 'ಏಯ್ ಹುಳ ಬಂದ ಕಣ್ರೋ' ಅನ್ನೋದು ಚುಚ್ಚುತ್ತೆ. ನೀವೇ ಸ್ಕೂಲಲ್ಲಿ ಪಾಠ ಮಾಡೋರು, ಇದು ನಿಮ್ಮ ಕಿವಿಗೆ ದಿನಾ ಬೀಳ್ತಿರುತ್ತೆ, ಪೆನ್ನು ಹಿಡಿದ ತಕ್ಷಣ ಯಾಕೆ ಕಿವಿ ಮುಚ್ಕೋತೀರಿ ಅಂತ ಗೊತ್ತಾಗ್ಲಿಲ್ಲ. ಇನ್ನು ಆ ವಾಸನೆ. ಎರಡನೇ ಪೇಜಲ್ಲಿ ಮುನಿ ಮನೇಲಿ ಚಂದ್ರಿಕೆ (ಹುಳ ಗೂಡು ಕಟ್ಟೋ ತಟ್ಟೆ) ಇದೆ, ಹಿಪ್ಪುನೇರಳೆ ಸೊಪ್ಪು ಇದೆ, ಅಂದ್ರೆ ಹುಳ ಮೇಯಿಸೋ ಮನೆ. ಹುಳದ ಮನೇಲಿ ಬರೋದು ಹಸಿ ಸೊಪ್ಪಿನ ವಾಸನೆ, ಸುಣ್ಣದ ವಾಸನೆ, ಅದಕ್ಕೆ ಯಾವ ಮಗುನೂ ಮೂಗು ಹಿಡಿಯಲ್ಲ. ಮೂಗು ಹಿಡಿಯೋದು ನೂಲು ಬಿಚ್ಚೋ ಕಡೆ. ಗೂಡು ಬಿಸಿನೀರಲ್ಲಿ ಬೆಂದು ಒಳಗಿನ ಹುಳ, ಅಂದ್ರೆ ಪ್ಯೂಪಾ, ನಾರುತ್ತಲ್ಲ, ಆ ನಾತ ಬಟ್ಟೆಗೆ, ಕೂದಲಿಗೆ ಅಂಟ್ಕೊಂಡ್ರೆ ಸೋಪು ಹಾಕಿದ್ರೂ ಬಿಡಲ್ಲ. ರೀಲಿಂಗ್, ಅಂದ್ರೆ ಈ ನೂಲು ಬಿಚ್ಚೋ ಕೆಲಸ, ಮಾಡೋರ ಕೈ ನೋಡಿದೀರಾ? ದಿನವಿಡೀ ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ ಬೆರಳ ತುದಿ ಬೆಳ್ಳಗೆ ಮುದುರಿರುತ್ತೆ. ಮುನಿ ಮನೇನ ನೂಲು ಬಿಚ್ಚೋ ಮನೆ ಮಾಡಿದ್ರೆ, ಅವನಮ್ಮ ಬೆಳಿಗ್ಗೆ ಅವನಿಗೆ ತಲೆ ಬಾಚೋ ಕೈ ಅದು. ನಿಮ್ಮ ಹಸ್ತಪ್ರತಿಲಿ ಆ ಕೈನೇ ಇಲ್ಲ, 'ರೇಷ್ಮೆ ಕೆಲಸ ಮಾಡುವ ಬಡ ಕುಟುಂಬ' ಅಂತ ಅಷ್ಟೇ ಇದೆ.

ಈ ತಪ್ಪು ನಾನೂ ಮಾಡ್ದೋನೇ ಬಿಡಿ. 1983ರಲ್ಲಿ ಚಿಂತಾಮಣಿಲಿ ಒಂದು ಪ್ರೆಸ್ಸಿಗೆ ಅಚ್ಚಿನ ಮೊಳೆ (ಒಂದೊಂದೇ ಅಕ್ಷರದ ಸೀಸದ ಅಚ್ಚು) ಜೋಡಿಸೋ ಕೆಲಸ ಕಲಿಯೋಕೆ ಸೇರ್ಕೊಂಡೆ. ಮದುವೆ ಕಾರ್ಡು, ಬಿಲ್ ಬುಕ್ಕು, ತಿಥಿ ಕಾರ್ಡಿನ ಮಧ್ಯೆ ಯಜಮಾನರು ಮಕ್ಕಳಿಗೆ ಅಂತ ಎಂಟು ಪುಟದ ಒಂದು ತಿಂಗಳ ಪತ್ರಿಕೆನೂ ತರ್ತಿದ್ರು, ಅದರಲ್ಲಿ ನಷ್ಟ ಬಿಟ್ರೆ ಬೇರೆ ಏನೂ ಬರ್ತಿರಲಿಲ್ಲ. ಆಗ ಚಿತ್ರ ಅಂದ್ರೆ ಬ್ಲಾಕು, ಅಂದ್ರೆ ಚಿತ್ರದ ಅಚ್ಚು, ಬೆಂಗಳೂರಲ್ಲಿ ಮಾಡಿಸ್ಕೊಂಡು ಬರ್ಬೇಕು, ಚದರ ಇಂಚಿಗೆ ಇಷ್ಟು ಅಂತ ಲೆಕ್ಕ. ಒಂದ್ಸಲ ಗೋಡೆ ಮೇಲೆ ಬೆಕ್ಕು ಕೂತಿರೋ ಬ್ಲಾಕು ಬಂತು, 'ಕೆಳಗೆ ಒಂದು ಲೈನ್ ಬರಿಯೋ' ಅಂದ್ರು. ನಾನು ಹಿಗ್ಗಿ ಹೋಗಿ 'ಕಪ್ಪು ಬೆಕ್ಕೊಂದು ಗೋಡೆಯ ಮೇಲೆ ಕುಳಿತಿದೆ' ಅಂತ ಜೋಡಿಸಿಟ್ಟೆ. ಯಜಮಾನರು ನಾನು ಮೊಳೆ ಜೋಡಿಸಿದ್ದ ಸ್ಟಿಕ್ ನೋಡಿ, 'ಅದನ್ನ ಹೇಳೋಕೇ ಅಲ್ವೇನೋ ಬ್ಲಾಕಿಗೆ ದುಡ್ಡು ಸುರಿದಿರೋದು? ಮೊಳೆ ಬಿಚ್ಚಿ ಕೇಸಿಗೆ ಹಾಕು' ಅಂದ್ರು. ಒಂದೊಂದು ಅಕ್ಷರ, ಒಂದೊಂದು ಒತ್ತು, ಎಲ್ಲಾ ವಾಪಸ್ ಅದರದರ ಗೂಡಿಗೆ. ಮೂರು ಸಲ ಬಿಚ್ಚಿದ ಮೇಲೆ 'ಹಾಲಿನವಳು ಇನ್ನೂ ಬಂದಿಲ್ಲ' ಅಂತ ಬರೆದೆ. ಅವರು ಏನೂ ಅನ್ನಲಿಲ್ಲ, ಹಂಗೇ ಮೆಷಿನ್ನಿಗೆ ಕಳಿಸಿದ್ರು. ಕಂಪ್ಯೂಟರಲ್ಲಿ ಟೈಪ್ ಮಾಡೋರಿಗೆ ಬಿಚ್ಚೋ ಕಷ್ಟ ಇಲ್ಲ ನೋಡಿ, ಅದಕ್ಕೇ ಅಳು ನಾಲ್ಕು ಸಲ ಬರುತ್ತೆ. (ನೀವು ಕೈಯಲ್ಲಿ ಬರೆದಿದೀರಿ, ಹಂಗಾಗಿ ನಿಮಗೆ ಆ ನೆಪನೂ ಇಲ್ಲ.)

ಈಗ ಕೆರೆ ವಿಷಯ.

ನಮ್ಮ ಜಿಲ್ಲೆ ಕೆರೆಗಳಲ್ಲಿ ಎಷ್ಟೋ ವರ್ಷ ಜಾಲಿ ಗಿಡ ಬಿಟ್ರೆ ಏನಿರಲಿಲ್ಲ, ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬರೋಕೆ ಶುರುವಾದ ಮೇಲೆ ಕೆಲವು ತುಂಬಿವೆ, ತುಂಬಿದ್ದೇ ತಡ ಕತೆಗಾರರೆಲ್ಲಾ ಮಕ್ಕಳನ್ನ ತಂದು ಅದಕ್ಕೆ ಬೀಳಿಸ್ತಿದಾರೆ. ತಮಾಷೆ ಇರ್ಲಿ. ನನ್ನ ತಕರಾರು ಇದು: ಕಾಟ ತಿಂದ ಮಗುನೇ ಯಾಕೆ ಹಾರ್ಬೇಕು? ಹತ್ತು ಪೇಜು ಅವನಿಗೆ 'ಹುಳ' ಅಂತ ಅನ್ನಿಸಿ, ಹನ್ನೊಂದನೇ ಪೇಜಲ್ಲಿ ಪ್ರಾಣ ಪಣಕ್ಕಿಟ್ಟು ಅನ್ನಿಸಿದೋನನ್ನೇ ಕಾಪಾಡು ಅಂತೀರಿ, ಆಮೇಲೇ ಅವನಿಗೆ ಬೆಂಚಲ್ಲಿ ಜಾಗ. ಈಜು ಬರದೇ ಇದ್ದಿದ್ರೆ? ಪ್ರತಾಪ ಅವತ್ತು ಕೆರೆ ಕಡೆ ಹೋಗದೇ ಇದ್ದಿದ್ರೆ ಮುನಿ ಹತ್ತನೇ ಕ್ಲಾಸ್ ತನಕ ಹುಳ ಆಗೇ ಇರ್ಬೇಕಿತ್ತಾ? ನಿಮ್ಮ ಕ್ಲಾಸಲ್ಲಿ ಹಿಂದೆ ಕೂತು ಇದನ್ನ ಕೇಳೋ ಒಂದು ಮಗು ಇರುತ್ತೆ, ಅದಕ್ಕೂ ಯಾವುದೋ ಅಡ್ಡಹೆಸರು ಇರುತ್ತೆ, ಅದು ಏನ್ ಅಂದ್ಕೊಳ್ಳುತ್ತೆ ಹೇಳಿ. 'ನಾನು ಇನ್ನೂ ಯಾರನ್ನೂ ಕಾಪಾಡಿಲ್ಲ, ಅದಕ್ಕೇ ನಂಗೆ ಹಿಂಗೆ' ಅಂತ.

ಹದಿಮೂರನೇ ಪೇಜು. 'ನನ್ನನ್ನು ಕ್ಷಮಿಸು ಗೆಳೆಯಾ, ಇನ್ನು ಮುಂದೆ ನಾನು ಯಾರನ್ನೂ ಹೀಯಾಳಿಸುವುದಿಲ್ಲ.' ಎಂಟು ವರ್ಷದ ಹುಡುಗ! ನಮ್ಮ ಕಡೆ ಹುಡುಗರು ಸಾರಿ ಹೇಳೋ ರೀತಿನೇ ಬೇರೆ, ಮಾರನೇ ದಿನ ಸುಮ್ನೆ ಬಂದು 'ಬರ್ತೀಯೇನೋ ಆಟಕ್ಕೆ, ಒಬ್ಬ ಕಮ್ಮಿ' ಅಂತಾರೆ. ಹದಿನಾಲ್ಕರಲ್ಲಿ ಟೀಚರ್ ಪ್ರತಾಪನ ಕೈಲಿ ಬಸ್ಕಿ ಹೊಡೆಸ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ನು ನಿಮಗೆ ನಾನು ಹೇಳ್ಕೊಡೋದಾ? ದೇಹ ದಂಡನೆ, ಮಾನಸಿಕ ಹಿಂಸೆ ಎರಡೂ ಅಲ್ಲಿ ನಿಷೇಧ. ಅದನ್ನ ಸುಮ್ನೆ ಹೊಡೆದುಹಾಕಿ, ವಾದ ಬೇಡ.

ನಂಗೆ ಆ ಪ್ರೆಸ್ಸಲ್ಲಿ ಒಂದು ಹೆಸರಿತ್ತು. 'ಹಾನೆ'. ಬಾಗೇಪಲ್ಲಿ ಕಡೆಯೋನು ನಾನು, ಮನೇಲಿ ತೆಲುಗು, ಕನ್ನಡ ಕಲಿತಿದ್ದು ಸ್ಕೂಲಲ್ಲಿ. ಹಕಾರ ಎಲ್ಲಿ ಹಾಕ್ಬೇಕು ಎಲ್ಲಿ ಬಿಡ್ಬೇಕು ಅಂತ ಸದಾ ಗೊಂದಲ, ತಪ್ಪಾಗುತ್ತೆ ಅಂತ ಹೆದರಿ ಬೇಡದ ಕಡೆ ಎಲ್ಲಾ ಹಾಕ್ತಿದ್ದೆ. ಒಂದು ಪದ್ಯದಲ್ಲಿ ಆನೆನ 'ಹಾನೆ' ಅಂತ ಜೋಡಿಸ್ಬಿಟ್ಟೆ, ಪ್ರೂಫ್ ತೆಗೆದಾಗ ಇಡೀ ಪ್ರೆಸ್ಸು ಬಿದ್ದು ಬಿದ್ದು ನಕ್ತು. ಅವತ್ತಿಂದ 'ಹಾನೆ, ಟೀ ತಗೊಂಬಾ', 'ಹಾನೆ, ಗ್ಯಾಲಿ ಎತ್ತು' (ಜೋಡಿಸಿದ ಮೊಳೆ ಇಡೋ ತಟ್ಟೆ ಅದು). ಎರಡು ವರ್ಷ. ಟ್ರೆಡಲ್ ಅನ್ನೋ ಅಚ್ಚಿನ ಮೆಷಿನ್ ತುಳೀತಿದ್ದ ಮೆಷಿನ್‌ಮನ್ ಒಬ್ರಿದ್ರು, ಮಾತೇ ಕಮ್ಮಿ, ಅವರು ಮಾತ್ರ ನನ್ನ ಹೆಸರು ಹಿಡಿದು ಕೂಗೋರು. ಆಮೇಲೆ ನಾನು ಜೋಡಿಸಿದ್ದರ ಒಂದು ಪ್ರೂಫನ್ನ ಯಜಮಾನರ ಟೇಬಲ್ಲಿಗೆ ಹೋಗೋಕೆ ಮುಂಚೆನೇ ತೆಗೆದು, ಬೇಡದ ಹಕಾರಕ್ಕೆಲ್ಲಾ ಪೆನ್ಸಿಲ್ಲಲ್ಲಿ ಸುತ್ತು ಹಾಕಿ, ನನ್ನ ಕೇಸಿನ ಮೂಲೇಲಿ ಮಡಚಿ ಇಟ್ಟು ಹೋಗೋರು. ಯಾಕೆ ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ, ಅವರನ್ನ ನಾನು ಯಾವ ಕೆರೆಯಿಂದಲೂ ಎತ್ತಿರಲಿಲ್ಲ. ಇನ್ನು ಹೆಸರಿಟ್ಟೋರು ಇದ್ರಲ್ಲ, ಅವರು ಸಾರಿಗೀರಿ ಏನೂ ಕೇಳ್ಲಿಲ್ಲ. ಇಪ್ಪತ್ತು ವರ್ಷ ಆದ್ಮೇಲೆ ಚಿಂತಾಮಣಿ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿ, ಪ್ರೀತಿಯಿಂದ ಬೆನ್ನು ತಟ್ಟಿ, 'ಏನ್ ಹಾನೆ, ಚೆನ್ನಾಗಿದೀಯಾ' ಅಂದ್ರು.

ಅದಕ್ಕೇ ನಿಮ್ಮ ಆರನೇ ಪೇಜು ನನ್ನನ್ನ ಬಿಡ್ತಿಲ್ಲ. ಅಲ್ಲಿ ಒಂದೇ ಒಂದು ಲೈನ್ ಬರೆದು ಮರೆತು ಮುಂದಕ್ಕೆ ಹೋಗಿದೀರಿ: 'ಸುಮಾ ಸ್ವಲ್ಪ ಸರಿದು ಜಾಗ ಬಿಟ್ಟಳು.' ಯಾರು ಈ ಸುಮಾ? ಮುಂದೆ ಎಲ್ಲೂ ಬರಲ್ವಲ್ಲ! ಎಲ್ಲರೂ ಮೂಗು ಹಿಡ್ಕೊಂಡಿರೋವಾಗ ಬ್ಯಾಗು ತೊಡೆ ಮೇಲೆ ಎತ್ತಿಟ್ಕೊಂಡು ಒಂದು ಗೇಣು ಸರಿಯೋಕೆ ಆ ಹುಡುಗಿಗೆ ಎಷ್ಟು ಧೈರ್ಯ ಬೇಕು, ಮಾರನೇ ದಿನ ಅವಳಿಗೂ ಏನೋ ಒಂದು ಹೆಸರು ಬಿದ್ದಿರುತ್ತೆ. ಕತೆ ಅಲ್ಲಿದೆ ಮೇಡಂ.

ಒಂದು ಕೆಲಸ ಮಾಡಿ. ನಾಲ್ಕು ಎ4 ಹಾಳೆ ಒಟ್ಟಿಗೆ ಮಧ್ಯಕ್ಕೆ ಮಡಚಿ ಪಿನ್ ಹೊಡೀರಿ, 16 ಪುಟದ ಡಮ್ಮಿ, ಅಂದ್ರೆ ಪುಸ್ತಕದ ಮಾದರಿ, ಆಗುತ್ತೆ. ಕವರು, ಟೈಟಲ್ಲು, ಪ್ರಕಾಶಕರ ವಿವರ ಹೋದ್ರೆ ನಿಮಗೆ ಉಳಿಯೋದು ಹನ್ನೆರಡು ಹದಿಮೂರು ಪುಟ, ನೀವು ಕಳಿಸಿರೋದು ಸಾವಿರದ ಒಂಬೈನೂರು ಪದ, ಮುನ್ನೂರಕ್ಕೆ ಇಳಿಸಿ. ಆಗಲ್ಲ ಅನ್ನಿಸಿದ್ರೆ ಪ್ರಥಮ್ ಬುಕ್ಸಿನೋರ ಸ್ಟೋರಿವೀವರ್ ವೆಬ್‌ಸೈಟಲ್ಲಿ ಕನ್ನಡ ಚಿತ್ರಪುಸ್ತಕ ಫ್ರೀಯಾಗಿ ಸಿಗುತ್ತೆ, ಓದೋ ಮಕ್ಕಳ ಮಟ್ಟ ನೋಡಿ 4 ಲೆವೆಲ್ ಮಾಡಿದಾರೆ, ಮೊದಲನೇ ಎರಡು ಲೆವೆಲ್ಲಲ್ಲಿ ಒಂದಿಪ್ಪತ್ತು ಪುಸ್ತಕ ಓದಿ, ಪುಟ ತಿರುಗಿಸೋ ಕಡೆ ಏನ್ ಬಚ್ಚಿಡ್ತಾರೆ ಅಂತ ಅಷ್ಟೇ ಗಮನಿಸಿ. ಸುಮಾ ಸರಿಯೋ ಪುಟದಲ್ಲಿ ಒಂದಕ್ಷರನೂ ಬರೀಬೇಡಿ, ಖಾಲಿ ಬಿಡಿ. ಡಮ್ಮಿನ ಪೋಸ್ಟಲ್ಲೇ ಕಳಿಸಿ, ವಾಟ್ಸಾಪಲ್ಲಿ ಫೋಟೋ ಹೊಡೆದು ಕಳಿಸಿದ್ರೆ ನಾನು ನೋಡಲ್ಲ, ಪುಟ ತಿರುಗಿಸಿ ನೋಡ್ಬೇಕು ನಂಗೆ.