ಹಳೇ ಮನೆಗೆ ಹೊಸ ಬಾತ್‌ರೂಮ್: ಡ್ರೈನೇಜ್ ಲೆಕ್ಕ ರಸ್ತೆಯಿಂದ ಶುರು ಮಾಡಿ

ನೀವು ಕೇಳಿರುವುದು ಇಷ್ಟು. ತುಮಕೂರಿನ ಎಸ್.ಎಸ್. ಪುರಂ ಕಡೆ 30-40 ಸೈಟಿನಲ್ಲಿ ಹಳೇ ಮೋಲ್ಡ್ ಮನೆ. ಟಾಯ್ಲೆಟ್ಟು, ಬಚ್ಚಲು ಎರಡೂ ಹಿತ್ತಲಲ್ಲಿ, ಅಲ್ಲೇ ಗುಂಡಿ. ಅಮ್ಮನಿಗೆ ಮಂಡಿನೋವು, ಹಾಗಾಗಿ ಅವರ ರೂಮಿಗೇ ಅಟ್ಯಾಚ್ಡ್ ಬಾತ್‌ರೂಮ್ ಬೇಕು. ಮಹಡಿ ಮೇಲೆ ಒಂದು ರೂಮು, ಅದಕ್ಕೂ ಬಾತ್‌ರೂಮ್. ಮುಂದಿನ ರಸ್ತೆಯಲ್ಲಿ ಯುಜಿಡಿ, ಅಂದರೆ ಒಳಚರಂಡಿ ಲೈನು ಬಂದಿದೆ. ಪ್ಲಂಬರ್ ಮಾತ್ರ "ಮೊದಲು ಗೋಡೆ ಏಳಲಿ, ಪೈಪು ಆಮೇಲೆ ನೋಡೋಣ" ಅನ್ನುತ್ತಿದ್ದಾರೆ. ಅದು ಸರಿನಾ ಅಂತ ನಿಮ್ಮ ಪ್ರಶ್ನೆ.

ಸರಿಯಲ್ಲ. ನಾನು ಇದೇ ಊರಿನಲ್ಲಿ ಹಳೇ ಮನೆಗಳ ರಿಪೇರಿ ಕೆಲಸ ಮಾಡಿಸುವವನು. ನೀರಿನ ಪೈಪನ್ನು ಆಮೇಲೆ ಎಲ್ಲಿ ಬೇಕಾದರೂ ತಿರುಗಿಸಬಹುದು, ಅದರ ಹಿಂದೆ ಟ್ಯಾಂಕಿನ ಒತ್ತಡ ಇರುತ್ತದೆ. ಡ್ರೈನೇಜ್ ಪೈಪಿಗೆ ಇರುವುದು ವಾಟ (ಇಳಿಜಾರು) ಒಂದೇ. ಅದು ತಪ್ಪಿದರೆ ಎಷ್ಟು ದುಬಾರಿ ಟೈಲ್ಸ್ ಹಾಕಿದ್ದರೂ ಒಡೆಯಲೇಬೇಕು. ಅದಕ್ಕೇ ಪ್ಲಾನ್ ಅನ್ನು ಬಾತ್‌ರೂಮಿನಿಂದ ಹೊರಗೆ ಎಳೆಯಬೇಡಿ. ರಸ್ತೆಯ ಚೇಂಬರಿನಿಂದ (ಪೈಪುಗಳು ಬಂದು ಸೇರುವ, ಮುಚ್ಚಳ ಇರುವ ತೊಟ್ಟಿ) ಮನೆ ಒಳಗೆ ಎಳೆಯಿರಿ.

ಮೊದಲ ಕೆಲಸ, ನಿಮ್ಮ ಮನೆ ಸಂಪರ್ಕ ಸೇರಬೇಕಾದ ಯುಜಿಡಿ ಪೈಪು ಎಷ್ಟು ಆಳದಲ್ಲಿದೆ ಅಂತ ತಿಳಿದುಕೊಳ್ಳುವುದು. ರಸ್ತೆಯ ಮ್ಯಾನ್‌ಹೋಲ್ ಮುಚ್ಚಳವನ್ನು ನೀವೇ ಎತ್ತಬೇಡಿ. ಹೇಗಿದ್ದರೂ ಸಂಪರ್ಕಕ್ಕೆ, ರಸ್ತೆ ಅಗೆಯುವುದಕ್ಕೆ ಮಹಾನಗರ ಪಾಲಿಕೆಯ ಅನುಮತಿ ಬೇಕೇ ಬೇಕು. ಆ ಅರ್ಜಿ ಕೊಡುವಾಗಲೇ ಅವರ ಕಡೆಯವರಿಂದ ಆಳ ಅಳೆಸಿಕೊಳ್ಳಿ.

ಎರಡನೆಯದು, ಮನೆಯ ನೆಲಕ್ಕೂ ರಸ್ತೆಗೂ ಇರುವ ವ್ಯತ್ಯಾಸ. ಇದಕ್ಕೆ ಮೇಸ್ತ್ರಿಗಳ ಹತ್ತಿರ ಇರುವ ಟ್ಯೂಬ್ ಲೆವೆಲ್ ಸಾಕು. ಪಾರದರ್ಶಕ ಪೈಪಿಗೆ ನೀರು ತುಂಬಿ, ಒಳಗೆ ಒಂದೂ ಗಾಳಿಗುಳ್ಳೆ ಇಲ್ಲದಂತೆ ನೋಡಿಕೊಳ್ಳಿ. ಒಂದು ತುದಿ ಅಮ್ಮನ ರೂಮಿನ ಗೋಡೆಗೆ, ಇನ್ನೊಂದು ತುದಿ ರಸ್ತೆ ಪಕ್ಕದ ಕಾಂಪೌಂಡಿಗೆ ಹಿಡಿಯಿರಿ. ನೀರು ಅಲುಗಾಡುವುದು ನಿಂತ ಮೇಲೆ ಎರಡೂ ಕಡೆ ಪೆನ್ಸಿಲ್ ಗೀಟು ಹಾಕಿ. ಅಲ್ಲಿಂದ ಕೆಳಕ್ಕೆ ಟೇಪ್ ಹಿಡಿದರೆ ಎಲ್ಲ ಲೆಕ್ಕವೂ ಸಿಗುತ್ತದೆ. ಹಳೇ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರ ಆಗಿರುತ್ತದೆ, ಮನೆ ಹಾಗೇ ಉಳಿದಿರುತ್ತದೆ. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ.

ಈಗ ಲೆಕ್ಕ. 4 ಇಂಚಿನ ಪೈಪಿಗೆ ಅಡಿಗೆ ಕಾಲು ಇಂಚು ವಾಟ ಕೊಡುವುದು ರೂಢಿ. ನಿಮ್ಮ ಹಿತ್ತಲಿಂದ ರಸ್ತೆ ಚೇಂಬರ್‌ವರೆಗೆ ಸುಮಾರು 45 ಅಡಿ ಅಂದುಕೊಳ್ಳೋಣ. ಅಂದರೆ 11 ಇಂಚಿಗಿಂತ ಸ್ವಲ್ಪ ಜಾಸ್ತಿ ಇಳಿಬೇಕು. ಹಿತ್ತಲೂ ರಸ್ತೆಯೂ ಒಂದೇ ಮಟ್ಟದಲ್ಲಿದ್ದು, ಹಿತ್ತಲಿನ ಮೊದಲ ಚೇಂಬರಿನಲ್ಲಿ ಪೈಪು 15 ಇಂಚು ಆಳದಲ್ಲಿ ಶುರುವಾದರೆ ರಸ್ತೆ ಹತ್ತಿರ 26 ಇಂಚು ದಾಟುತ್ತದೆ. ದಾರಿಯಲ್ಲಿರುವ ಚೇಂಬರುಗಳಲ್ಲಿ ಒಂದೊಂದು ಇಂಚು ಸೇರಿಸಿ. ಯುಜಿಡಿ ಪೈಪು ಎರಡೂವರೆ ಅಡಿಗಿಂತ ಕೆಳಗಿದ್ದರೆ ಸಲೀಸು. ಅದಕ್ಕಿಂತ ಮೇಲಿದ್ದರೆ, ಗೋಡೆ ಏಳುವ ಮೊದಲೇ ಬಾತ್‌ರೂಮ್ ಜಾಗ ಬದಲಾಯಿಸುವ ಯೋಚನೆ ಮಾಡಬೇಕು. ಅಮ್ಮನ ರೂಮು ಮುಂಭಾಗದಲ್ಲಿದ್ದರೆ ಅರ್ಧ ತೊಂದರೆ ಅಲ್ಲೇ ಕಡಿಮೆ. ಸುಮ್ನೆ ನೆಲ ಎತ್ತರಿಸಿ ವಾಟ ಹುಟ್ಟಿಸೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮಂಡಿನೋವಿನವರಿಗೆ ಬಾತ್‌ರೂಮ್ ಬಾಗಿಲಲ್ಲಿ ಒದ್ದೆ ಕಾಲಲ್ಲಿ ಹತ್ತುವ ಮೆಟ್ಟಿಲು ಕೊಟ್ಟರೆ ಈ ಖರ್ಚೆಲ್ಲ ಯಾಕೆ ಮಾಡಿದಿರಿ?

ಮುಖ್ಯ ಲೈನು ಮನೆಯ ಪಕ್ಕದ ಓಣಿಯಲ್ಲಿ ಹೋಗಲಿ, ಹಾಲ್ ಕೆಳಗೆ ಬೇಡ. ಪ್ರತಿ ತಿರುವಿನಲ್ಲಿ, ಎರಡು ಲೈನು ಸೇರುವ ಕಡೆಯಲ್ಲಿ ಒಂದೊಂದು ಚೇಂಬರ್ ಬೇಕು. ಚೇಂಬರ್ ತಳ ಚಪ್ಪಟೆಯಾಗಿ ಬಿಡಬಾರದು. ನಡುವೆ ಅರ್ಧ ಪೈಪಿನ ಆಕಾರದ ಕಾಲುವೆ, ಎರಡೂ ಪಕ್ಕ ಕಾಲುವೆಗೆ ಇಳಿಯುವಂತೆ ಗಾರೆ. ಇಲ್ಲದಿದ್ದರೆ ಮೂಲೆಯಲ್ಲಿ ಕೊಳೆ ಕೂರುತ್ತದೆ. ಹಳೇ ಲೈನು ಸ್ಟೋನ್‌ವೇರ್ ಪೈಪ್ ಆಗಿದ್ದರೆ ಅದನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಅದರ ಜಾಯಿಂಟಿನ ಗಾರೆ ಬಿರುಕು ಬಿಟ್ಟಿರುತ್ತದೆ. ಹಿತ್ತಲಲ್ಲಿ ತೆಂಗಿನ ಮರವೋ ನುಗ್ಗೆ ಮರವೋ ಇದ್ದರೆ ಬೇರು ಒಳಗೆ ಹೋಗಿರುತ್ತದೆ.

ಸೈಜಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಮೋಡಿಗೆ 110 ಎಂಎಂ, ಅದಕ್ಕಿಂತ ಸಣ್ಣದು ಬೇಡವೇ ಬೇಡ. ಸ್ನಾನದ ನೀರು, ವಾಷಿಂಗ್ ಮಷಿನ್, ಅಡುಗೆಮನೆಗೆ 75. ಮುಂದೆ ಹೋಗುತ್ತಾ ಪೈಪು ದಪ್ಪ ಆಗಬಹುದು, ಸಣ್ಣ ಆಗಬಾರದು. ಮಂಡಿಪೇಟೆಯಲ್ಲೋ ಬಿ.ಎಚ್. ರಸ್ತೆಯಲ್ಲೋ ಅಂಗಡಿಗೆ ಹೋದಾಗ ಎಸ್‌ಡಬ್ಲ್ಯುಆರ್ ಪೈಪ್, ಟೈಪ್ ಬಿ ಅಂತ ಕೇಳಿ. ಪೈಪಿನ ಮೇಲೆ ಐಎಸ್ 13592 ಅಂತ ಅಚ್ಚಾಗಿರಬೇಕು. ಟೈಪ್ ಎ ತೆಳು, ಅದು ಮಳೆನೀರಿಗೆ ಮತ್ತು ಗಾಳಿ ಪೈಪಿಗೆ. ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಬಾರದು. ಜೋರು ಮಳೆಯಲ್ಲಿ ಲೈನು ತುಂಬಿದರೆ ಅದೇ ನೀರು ತಗ್ಗಿನ ಮನೆಗಳ ಬಚ್ಚಲಲ್ಲಿ ಮೇಲೆ ಬರುತ್ತದೆ. ನಿಮ್ಮ ಮನೆಯೇ ತಗ್ಗಿನಲ್ಲಿದ್ದರೆ ಕೊನೆಯ ಚೇಂಬರಿನಲ್ಲಿ ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಹಾಕಿಸಿ. ಅಡುಗೆಮನೆ ಮತ್ತು ಸ್ನಾನದ ನೀರು ಗಲ್ಲಿ ಟ್ರ್ಯಾಪ್ (ವಾಸನೆ ಬರದಂತೆ ಬಾಗಿದ ಭಾಗದಲ್ಲಿ ಸ್ವಲ್ಪ ನೀರು ನಿಲ್ಲುವ, ಹೊರಗೆ ಇಡುವ ಟ್ರ್ಯಾಪ್) ಮೂಲಕ ಚೇಂಬರಿಗೆ ಸೇರಲಿ.

ಕಮೋಡ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಪೈಪು ಹಾಕುವ ಮೊದಲೇ ಕಮೋಡ್ ಯಾವುದು ಅಂತ ಆರಿಸಿ, ಆಗುವುದಾದರೆ ತಂದೇ ಇಟ್ಟುಕೊಳ್ಳಿ. ಎಸ್ ಟ್ರ್ಯಾಪ್ ಅಂದರೆ ನೆಲದೊಳಗೆ ಇಳಿಯುವುದು. ಗೋಡೆಯಿಂದ ಅದರ ತೂತಿನ ನಡುಮಧ್ಯಕ್ಕೆ ಇರುವ ದೂರ ಮಾಡೆಲ್ ಮೇಲೆ ಹೋಗುತ್ತದೆ: 4 ಇಂಚು, 9 ಇಂಚು, 12 ಇಂಚು ಹೀಗೆ. ಈ ಅಳತೆ ಟೈಲ್ಸ್ ಹಾಕಿದ ಮೇಲಿನ ಗೋಡೆಯಿಂದ. ಪ್ಲಂಬರ್ ಬರುವ ಹೊತ್ತಿಗೆ ಅಲ್ಲಿ ಇರುವುದು ಬರೀ ಇಟ್ಟಿಗೆ. ಗಾರೆ, ಟೈಲ್ಸ್ ಎಲ್ಲ ಸೇರಿ ಒಂದು ಇಂಚಿಗೂ ಮೇಲೆ ತಿನ್ನುತ್ತದೆ. ಇಟ್ಟಿಗೆಯಿಂದ 9 ಇಂಚು ಅಳೆದು ಪೈಪು ನಿಲ್ಲಿಸಿದರೆ ಕೊನೆಗೆ ಕಮೋಡ್ ಕೂರುವುದೇ ಇಲ್ಲ. ಪಿ ಟ್ರ್ಯಾಪ್ ಅಂದರೆ ಹಿಂದಕ್ಕೆ, ಗೋಡೆ ಮೂಲಕ ಹೋಗುವುದು. ಅಲ್ಲಿ ತೂತಿನ ಎತ್ತರವನ್ನು ಟೈಲ್ಸ್ ಹಾಕಿದ ನೆಲದಿಂದ ನೋಡಬೇಕು.

ಮಹಡಿ ಮೇಲಿನ ಬಾತ್‌ರೂಮಿಗೆ ನಾನು ಪಿ ಟ್ರ್ಯಾಪನ್ನೇ ಹೇಳುತ್ತೇನೆ. ನಿಮ್ಮ ಹಳೇ ಮೋಲ್ಡಿನಲ್ಲಿ ಸಂಕನ್ (ಪೈಪು ಹಾಯಿಸಲು ಬಾತ್‌ರೂಮ್ ಜಾಗದಲ್ಲಿ ಮೋಲ್ಡನ್ನೇ ತಗ್ಗಿಸಿ ಹಾಕುವುದು) ಬಿಟ್ಟಿರುವುದಿಲ್ಲ. ಕೆಲವರು ಒಂದಡಿ ಗೋಡೆ ಎತ್ತಿ, ಒಳಗೆ ಮಣ್ಣು, ಒಡೆದ ಗಾರೆ ತುಂಬಿ ಅದರಲ್ಲಿ ಪೈಪು ಹೂಳುತ್ತಾರೆ. 5-8 ಅಡಿ ಬಾತ್‌ರೂಮಿಗೆ ಒಂದಡಿ ತುಂಬಿದರೆ ಒಂದೂವರೆ ಟನ್ನಿಗೂ ಜಾಸ್ತಿ ಭಾರ. ಹಳೇ ಮೋಲ್ಡಿನ ಮೇಲೆ ಅದನ್ನು ಹೇರುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್ ನೋಡಲೇಬೇಕು. ಹೊರಗೋಡೆಗೆ ಅಂಟಿದಂತೆ ಬಾತ್‌ರೂಮ್ ಇಟ್ಟು, ಕಮೋಡ್ ಪೈಪನ್ನು ಗೋಡೆಯಿಂದ ನೇರ ಹೊರಗೆ ತೆಗೆದರೆ ಸ್ನಾನದ ನೀರಿನ ಟ್ರ್ಯಾಪಿಗೆ ಬೇಕಾದಷ್ಟು ಮಾತ್ರ ನೆಲ ಏರಿಸಿದರಾಯಿತು. ಆ ಬಾತ್‌ರೂಮ್ ಕೆಳಗಿನ ಬಾತ್‌ರೂಮಿನ ಮೇಲೇ ಬರುವಂತೆ ನೋಡಿ. ದೇವರ ಮನೆ ಮೇಲೆ, ಅಡುಗೆಮನೆ ಮೇಲೆ ಬೇಡ. ನಂಬಿಕೆಯ ಮಾತು ಹಾಗಿರಲಿ, ಮುಂದೆ ಎಂದಾದರೂ ಸೋರಿದರೆ ಎಲ್ಲಿ ಸೋರಬೇಕು ಅನ್ನುವುದೂ ಒಂದು ಪ್ಲಾನೇ ಅಲ್ವಾ? ಮೋಲ್ಡ್ ಕೊರೆಯಲೇಬೇಕಾದರೆ ಕೋರ್ ಕಟಿಂಗ್ ಮಷಿನ್ನಿನಲ್ಲಿ ಕೊರೆಸಿ, ಸುತ್ತಿಗೆಯಲ್ಲಿ ಬೇಡ. ಬೀಮ್ ಮುಟ್ಟುವಂತಿಲ್ಲ.

ಮೇಲಿನಿಂದ ಇಳಿಯುವ ಪೈಪಿನ ವಿಷಯದಲ್ಲಿ ಎರಡು ಮಾತು. ಒಂದು, ಅದು ಮೇಲಿನ ಬಾತ್‌ರೂಮಿಗೇ ನಿಲ್ಲಬಾರದು. ಟೆರೇಸ್ ದಾಟಿ ಮೇಲಕ್ಕೆ ಹೋಗಿ, ತುದಿಗೆ ಜಾಲರಿಯ ಟೋಪಿ ಹಾಕಿರಬೇಕು. ಮೇಲೆ ಫ್ಲಶ್ ಮಾಡಿದಾಗ ಕೆಳಗಿನ ಬಚ್ಚಲು ಗುಡುಗುಡು ಅನ್ನುವ ಮನೆಗಳನ್ನು ನೋಡಿರುತ್ತೀರಿ. ಇಳಿಯುವ ನೀರು ಗಾಳಿಯನ್ನು ಎಳೆಯುತ್ತದೆ. ಮೇಲಿಂದ ಗಾಳಿ ಸಿಗದಿದ್ದರೆ ಟ್ರ್ಯಾಪಿನಲ್ಲಿ ನಿಂತ ನೀರನ್ನೇ ಎಳೆದುಕೊಳ್ಳುತ್ತದೆ. ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು ಆ ಎರಡು ಇಂಚು ನೀರು ಮಾತ್ರ. ಬಚ್ಚಲ ನೆಲಕ್ಕೆ ಹಾಕುವ ನಹಾನಿ ಟ್ರ್ಯಾಪ್ ಕೊಳ್ಳುವಾಗಲೂ ಒಳಗೆ 50 ಎಂಎಂ ನೀರು ನಿಲ್ಲುವುದನ್ನೇ ಕೇಳಿ. ಅಗ್ಗದ ಕೆಲವದರಲ್ಲಿ ಬೆರಳ ತುದಿ ಮುಳುಗುವಷ್ಟೂ ನಿಲ್ಲುವುದಿಲ್ಲ.

ಎರಡು, ಅಮ್ಮನ ಕಮೋಡನ್ನು ಆ ಇಳಿಯುವ ಪೈಪಿನ ಬುಡಕ್ಕೆ ಸೇರಿಸಬೇಡಿ. ಅದಕ್ಕೆ ಬೇರೆಯೇ ಪೈಪು, ನೇರ ಚೇಂಬರಿಗೆ. ಬುಡದಲ್ಲಿ ಏನಾದರೂ ಕಟ್ಟಿಕೊಂಡರೆ ಮೇಲಿನವರ ಕೊಳೆಯೆಲ್ಲ ಕೆಳಗಿನ ಕಮೋಡಿನಲ್ಲಿ ಉಕ್ಕುತ್ತದೆ. ಇನ್ನಷ್ಟು ಪೈಪು ಬೇಕಾಗುತ್ತದೆ, ಅಷ್ಟೇ. ಬುಡದಲ್ಲಿ 90 ಡಿಗ್ರಿ ಬೆಂಡ್ ಒಂದರ ಬದಲು 45 ಡಿಗ್ರಿಯವು ಎರಡು ಹಾಕಿಸಿ. ತಿರುವುಗಳಲ್ಲಿ ಡೋರ್ ಇರುವ ಬೆಂಡ್ ಇದ್ದರೆ ಕಟ್ಟಿಕೊಂಡಾಗ ಬಿಚ್ಚಿ ತೆಗೆಯಬಹುದು. ಡೋರ್ ಕೈಗೆ ಸಿಗುವ ಕಡೆ ಇರಬೇಕು, ಗೋಡೆ ಕಡೆ ಮುಖ ಮಾಡಿ ಕೂತರೆ ಪ್ರಯೋಜನವಿಲ್ಲ.

ಪೈಪು ಮುಚ್ಚುವ ಮೊದಲು ಟೆಸ್ಟ್ ಮಾಡಿಸಲೇಬೇಕು. ಕೆಳತುದಿಗೆ ಬಿರಡೆ ಬಿಗಿದು, ಮೇಲಿನವರೆಗೆ ನೀರು ತುಂಬಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಗುರುತಿನಿಂದ ಇಳಿದಿದ್ದರೆ ಮುಚ್ಚಲು ಬಿಡಬೇಡಿ. "ನೀರು ಹುಯ್ದು ನೋಡಿದೆ ಸಾರ್, ಸರಾಗ ಹೋಯ್ತು" ಅಂದರೆ ಅದು ಟೆಸ್ಟ್ ಅಲ್ಲ. ಹೋಗುವ ನೀರು ಸೋರುವುದನ್ನು ತೋರಿಸುವುದಿಲ್ಲ. ಟೆಸ್ಟ್ ಆದ ಮೇಲೆ ಪ್ರತಿ ಪೈಪಿನ ಪಕ್ಕ ಟೇಪ್ ಹಿಡಿದು, ಗೋಡೆಯೂ ಕಾಣುವಂತೆ ಫೋಟೋ ತೆಗೆದಿಡಿ. ಮುಂದೆ ಗೀಸರ್‌ಗೋ ಗ್ರ್ಯಾಬ್ ಬಾರ್‌ಗೋ ಡ್ರಿಲ್ ಮಾಡುವವರಿಗೆ ಅದೇ ನಕ್ಷೆ. ಅಮ್ಮನ ಬಾತ್‌ರೂಮಿಗೆ ಗ್ರ್ಯಾಬ್ ಬಾರ್ ಹಾಕಿಸುತ್ತೀರಿ ತಾನೆ? ಕಮೋಡ್ ಪಕ್ಕದ ಗೋಡೆಯಲ್ಲಿ ಆ ಜಾಗ ಬಿಟ್ಟೇ ಪೈಪು ಹಾಯಿಸಲು ಹೇಳಿ.

ಹಿತ್ತಲಿನ ಟಾಯ್ಲೆಟ್ಟನ್ನು ಈಗಲೇ ಒಡೆಯಬೇಡಿ. ಕೆಲಸದವರಿಗೂ ಬೇಕು, ನಿಮಗೂ ಬೇಕು. ಹೊಸ ಲೈನು ಯುಜಿಡಿಗೆ ಸೇರಿ, ಸರಿಯಾಗಿ ಹರಿಯುತ್ತಿದೆ ಅಂತ ಕೆಲವು ದಿನ ನೋಡಿದ ಮೇಲೆ ಹಳೇ ಗುಂಡಿಯ ಕಡೆ ಬನ್ನಿ. ಸಕ್ಕಿಂಗ್ ಗಾಡಿ ಕರೆಸಿ ಪೂರ್ತಿ ಖಾಲಿ ಮಾಡಿಸಿ. ತಳದಲ್ಲಿ ಗಟ್ಟಿ ಉಳಿದಿದೆ, ಒಬ್ಬರನ್ನು ಇಳಿಸಿ ತೆಗೆಸೋಣ ಅಂತ ಯಾರು ಹೇಳಿದರೂ ಒಪ್ಪಬೇಡಿ. ಅದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಗುಂಡಿಯ ಗಾಳಿ ಇಳಿದವರನ್ನು ಕ್ಷಣದಲ್ಲಿ ಕೆಡವುತ್ತದೆ, ಎತ್ತಲು ಇಳಿದವರನ್ನೂ ಬಿಡುವುದಿಲ್ಲ. ನೀರು ಬಿಟ್ಟು ಕರಗಿಸಿ ಇನ್ನೊಂದು ಸಲ ಗಾಡಿ ಕರೆಸಿ, ಆ ಬಾಡಿಗೆ ಕೊಡಿ. ಆಮೇಲೆ ಸುಣ್ಣ ಹಾಕಿ, ಒಡೆದ ಇಟ್ಟಿಗೆ, ಮಣ್ಣನ್ನು ಪದರ ಪದರವಾಗಿ ತುಂಬಿ ನೀರು ಹಾಕಿ ದಮ್ಮಸ್ಸು ಮಾಡಿಸಿ. ಒಂದು ಮಳೆಗಾಲ ಕಳೆಯುವವರೆಗೆ ಅದರ ಮೇಲೆ ಏನನ್ನೂ ಕಟ್ಟಬೇಡಿ, ಮಣ್ಣು ಕುಸಿಯುತ್ತದೆ.

ಯುಜಿಡಿ ಆಳ, ನೆಲದ ಲೆವೆಲ್, ಅಮ್ಮನ ರೂಮು ಮುಂದಿದೆಯೋ ಹಿಂದಿದೆಯೋ ಈ ಮೂರನ್ನು ಇಲ್ಲೇ ಬರೆಯಿರಿ. ಚೇಂಬರುಗಳು ಎಲ್ಲೆಲ್ಲಿ ಬರಬೇಕು ಅಂತ ಗುರುತಿಸಿ ಕೊಡುತ್ತೇನೆ.